ಪಿಸುದನಿಯ ಹುತುತು

ಆಡುವ ಬಯಲಿಗೂ ಸರಕಾರದ ಚೀಟಿ ಬೇಕಾಗಿದ್ದ ಒಂದು ಚಳಿಗಾಲ ನನ್ನ ಬಾಲ್ಯದಲ್ಲಿತ್ತು. ಈಗಿನವರಿಗೆ ಇದು ಹೊಸದಲ್ಲ. ಆಗ ನಮಗೆ ಹೊಸದು. ಬಯಲೆಂದರೆ ಬಯಲು, ಅದಕ್ಕೆ ಯಾರ ಅಪ್ಪಣೆ ಎಂದುಕೊಂಡಿದ್ದ ಮಕ್ಕಳು ನಾವು.

ನಲವತ್ತರ ದಶಕದ ಮೊದಲ ವರ್ಷಗಳು. ನಾನು ಚಿಕ್ಕೇರೂರಿನಿಂದ ಹಾನಗಲ್ಲಿಗೆ ಓದಲು ಬಂದು ಸೋದರಮಾವನ ಮನೆಯಲ್ಲಿದ್ದೆ. ಮಾವ ಮಾಮಲೇದಾರ ಕಚೇರಿಯಲ್ಲಿ ಕಾರಕೂನರು. ಅವರ ಮನೆಯಲ್ಲಿ ಎಲ್ಲಕ್ಕೂ ಗೊತ್ತಾದ ಹೊತ್ತಿತ್ತು. ಕೋಳಿ ಕೂಗುವ ಮೊದಲು ಎದ್ದು ತಣ್ಣೀರು ಸುರಿದುಕೊಳ್ಳಬೇಕು, ವಿಭೂತಿ ಹಚ್ಚಿ ಮಗ್ಗಿ ಒಪ್ಪಿಸಬೇಕು, ಆಮೇಲೆಯೇ ರೊಟ್ಟಿ, ಗುರೆಳ್ಳ ಪುಡಿ, ಮೊಸರು. ಆ ಶಿಸ್ತು ನನ್ನನ್ನು ಇಂದಿಗೂ ಬಿಟ್ಟಿಲ್ಲ, ಅದರ ಬಗ್ಗೆ ನನ್ನ ದೂರೂ ಇಲ್ಲ. ಶಾಲೆ ಬಿಟ್ಟ ಮೇಲೆ ದೀಪ ಹಚ್ಚುವವರೆಗಿನ ಹೊತ್ತು ಮಾತ್ರ ನನ್ನದು. ಅಷ್ಟೂ ಹೊತ್ತು ಕಚೇರಿಯ ಹಿಂದಿನ ಬಯಲಿನಲ್ಲಿ ಕಳೆಯುತ್ತಿತ್ತು. ಕೆರೆಯ ಕೆಳಗಿನ ಗಾಣಗಳಿಂದ ಬೆಲ್ಲ ಕುದಿಯುವ ವಾಸನೆ ತೇಲಿ ಬರುತ್ತಿತ್ತು. ನಾವು ಮಣ್ಣಿನಲ್ಲಿ ಕಾಲಿನಿಂದ ಗೆರೆ ಎಳೆದು ಹುತುತು, ಈಗಿನವರ ಕಬಡ್ಡಿ, ಆಡುತ್ತಿದ್ದೆವು. ಒಂದೇ ಉಸಿರಿನಲ್ಲಿ ‘ಹುತುತುತು’ ಎನ್ನುತ್ತ ಎದುರಿನವರ ಪಾಳೆಯಕ್ಕೆ ನುಗ್ಗಿ, ಯಾರನ್ನಾದರೂ ಮುಟ್ಟಿ, ಉಸಿರು ಕಡಿಯದೆ ಗೆರೆಗೆ ಮರಳಬೇಕು. ಆ ಉಸಿರಿಗೆ ನಾವು ದಮ್ಮು ಎನ್ನುತ್ತಿದ್ದೆವು. ನಡುವೆ ಕದ್ದು ಉಸಿರೆಳೆದವನು ದಮ್ಮುಗಳ್ಳ. ಅದಕ್ಕಿಂತ ಕೆಟ್ಟ ಹೆಸರು ಹುಡುಗರಲ್ಲಿ ಇರಲಿಲ್ಲ.

ಬ್ರಿಟಿಷರ ವಿರುದ್ಧ ಚಳವಳಿ ಎದ್ದಿದ್ದ ಆ ವರ್ಷ ಊರಿನಲ್ಲಿ ಯಾರೂ ಯಾರನ್ನೂ ನಂಬುತ್ತಿರಲಿಲ್ಲ. ಯಲವಿಗಿ ಸ್ಟೇಶನ್ನಿನಿಂದ ಬಂದವರು ದಿನಕ್ಕೊಂದು ಸುದ್ದಿ ತರುತ್ತಿದ್ದರು. ಅಲ್ಲಿ ತಂತಿ ಕಡಿದರಂತೆ, ಇಲ್ಲಿ ಚಾವಡಿ ಸುಟ್ಟರಂತೆ. ಸಂತೆಯಲ್ಲಿ ಹೊಸಬನೊಬ್ಬ ಎಲೆ ಅಡಿಕೆ ಕೊಂಡರೂ ಪೋಲೀಸರ ಕಡೆಯವನಿರಬೇಕು ಎಂದು ಜನ ಮಾತು ನಿಲ್ಲಿಸುತ್ತಿದ್ದರು. ಅಂಥ ದಿನಗಳಲ್ಲಿ ಒಂದು ಸಂಜೆ, ನಮ್ಮ ಆಟ ನೋಡಿಕೊಳ್ಳುತ್ತಿದ್ದ ಡ್ರಿಲ್ ಮಾಸ್ತರರು ಸೀಟಿ ಊದಿದರು. ಪೋಲೀಸರ ಸಂಕೇತವೂ ಸೀಟಿಯೇ. ಇಬ್ಬರು ಸಿಪಾಯಿಗಳು ಲಾಠಿ ಹಿಡಿದು ಓಡಿ ಬಂದರು. ಧೂಳಿನಲ್ಲಿ ಒಬ್ಬರ ಮೇಲೊಬ್ಬರು ಬಿದ್ದಿದ್ದ ನಮ್ಮನ್ನು ಕಂಡು ಅವರಿಗೇ ನಾಚಿಕೆಯಾಯಿತು. ನಾಚಿಕೆಯಾದ ಸಿಪಾಯಿ ಸಿಟ್ಟಿಗೆದ್ದ ಸಿಪಾಯಿಗಿಂತ ಕೆಟ್ಟವನು. ಮರುದಿನ ಹುಕುಂ ಬಂತು. ಬಯಲಿಗೆ ಪರವಾನಗಿ ಬೇಕು. ಸೀಟಿಯಿಲ್ಲ, ಹಲಗೆ ಬಡಿತವಿಲ್ಲ, ಕೂಗಾಟವಿಲ್ಲ. ಕೋಟೆ ಓಣಿಯವರಾದ ನಮಗೆ ಒಂದು ದಿನ, ಪೇಟೆ ಓಣಿಯವರಿಗೆ ಮರುದಿನ. ಕಚೇರಿಯ ಹಿಂದಿನ ಕಟ್ಟೆಯ ಮೇಲೆ ಜವಾನ ಹುಸೇನಸಾಬರು ಕುಳಿತಿರಬೇಕು. ಅವರ ಕಿವಿಗೆ ದನಿ ಬಿದ್ದರೆ ಬಯಲು ಎಲ್ಲರಿಗೂ ಬಂದ್.

ಹುತುತು ಪಿಸುದನಿಗೆ ಇಳಿಯಿತು. ನೋಡುವವರಿಗೆ ನಗು ಬರುತ್ತಿತ್ತು. ನುಗ್ಗಿದವನು ಮೊರದಲ್ಲಿ ಹೊಟ್ಟು ಕೇರಿದಂತೆ ಸುಸುಗುಡುವನು. ಎದುರಿನವರು ಅವನ ಕಾಲು ಹಿಡಿಯುವುದು ಬಿಟ್ಟು ಅವನ ಬಾಯಿಗೆ ಕಿವಿ ಒಡ್ಡುವರು. ಮಾಸ್ತರರು ಬೆನ್ನು ಬಗ್ಗಿಸಿ ಅವನ ಪಕ್ಕದಲ್ಲೇ ಓಡುವರು. ನಗು ಬಹಳ ದಿನ ಉಳಿಯಲಿಲ್ಲ. ಕೇಳಿಸದ ದಮ್ಮನ್ನು ನಂಬುವುದು ಹೇಗೆ? ಪಿಸುಗುಟ್ಟಲು ಉಸಿರು ಹೆಚ್ಚು ಖರ್ಚಾಗುತ್ತದೆ, ಬೇಕಾದರೆ ಮಾಡಿ ನೋಡಿ. ಒಳ್ಳೊಳ್ಳೆಯ ಆಟಗಾರರೂ ನಡುದಾರಿಯಲ್ಲೇ ಸೋತರು. ಸೋಲದವನ ಮೇಲೆ ಎಲ್ಲರ ಕಣ್ಣು. ನಾನು ಚಿಕ್ಕೇರೂರಿನ ಬಾವಿಯಲ್ಲಿ ಮುಳುಗಿ ತಳದ ಕಲ್ಲು ತಂದು ಬೆಳೆದವನು. ನನ್ನ ದಮ್ಮು ಉದ್ದವಿತ್ತು. ಸಾಲದ್ದಕ್ಕೆ ನಾನು ಪರವೂರವನು, ಬಯಲಿನ ಪರವಾನಗಿ ಚೀಟಿ ಬರೆಯುವ ಕಾರಕೂನರ ಅಳಿಯ.

ಪಾಳಿ ಬದಲಾಗುವಾಗ ಎರಡೂ ಓಣಿಯವರು ಜಗಳವಾಡುವುದು ಮಾಮಲೇದಾರರ ಕಿವಿಗೆ ಬಿತ್ತು. ಮಳೆಗಾಲದವರೆಗೆ ಒಂದೇ ಗುಂಪಿಗೆ ಬಯಲು, ಯಾರಿಗೆಂದು ನೀವೇ ತೀರ್ಮಾನಿಸಿಕೊಳ್ಳಿ ಎಂದು ಅವರು ಮಾಸ್ತರರಿಗೆ ಹೇಳಿ ಕಳಿಸಿದರು. ಪಂದ್ಯ ಆಡಿ ಗೆದ್ದವರಿಗೆ ಬಯಲು ಎಂದು ಮಾಸ್ತರರು ಸಾರಿದರು.

ಪಂದ್ಯದ ಸಂಜೆ ಜನ ಸೇರಿದ್ದರು, ಸದ್ದಿರಲಿಲ್ಲ. ಹುರಿದ ಶೇಂಗಾ ತಿನ್ನುವವರೂ ಸಿಪ್ಪೆಯನ್ನು ಮೆಲ್ಲಗೆ ಒಡೆಯುತ್ತಿದ್ದರು. ಹುಸೇನಸಾಬರು ಕಟ್ಟೆಯ ಮೇಲೆ ರುಮಾಲು ಬಿಚ್ಚಿ ಪಕ್ಕಕ್ಕಿಟ್ಟು ಕುಳಿತಿದ್ದರು. ಸಮಸಮವಾಗಿ ಸಾಗಿದ ಆಟದ ಕೊನೆಯ ಸರದಿ ನನ್ನದಾಯಿತು. ಪಿಸುಗುಟ್ಟುತ್ತ ಒಳನುಗ್ಗಿದೆ, ಮೂಲೆಯಲ್ಲಿದ್ದ ಇಬ್ಬರನ್ನು ಮುಟ್ಟಿದೆ, ಗೆರೆಗೆ ಮರಳಿದೆ. ಗೆದ್ದೆವು ಎಂದುಕೊಂಡೆ.

ಪೇಟೆ ಓಣಿಯ ಮುಖಂಡ ಬಸ್ಯಾ ಕೈಯೆತ್ತಿದ.

“ಮಾಸ್ತರ, ಇವ ದಮ್ಮು ಕದ್ದಾನ್ರಿ.”

ಮಾಸ್ತರರು ನನ್ನ ಪಕ್ಕದಲ್ಲೇ ಓಡಿದ್ದರು. ಅವರು ಹಣೆ ಒರೆಸಿಕೊಂಡು, ಆ ಮೂಲೆಯಲ್ಲಿ ತಮಗೂ ಸರಿಯಾಗಿ ಕೇಳಿಸಲಿಲ್ಲ ಎಂದರು. ಬಸ್ಯಾನಿಗೆ ಅಷ್ಟೇ ಸಾಕಾಯಿತು.

“ಮಾವ ಚೀಟಿ ಕದೀತಾನ, ಅಳಿಯಾ ದಮ್ಮು ಕದೀತಾನ. ಒಂದ ಮನಿ ಕಸುಬು.”

ಅದನ್ನು ನಾನು ತಡೆದುಕೊಂಡೆ. ಎದುರಾಳಿ ಆಡುವ ಮಾತು ಅದು. ಆದರೆ ನನ್ನ ಪಾಳೆಯದವನೇ ಆದ ಚನ್ನ್ಯಾ ಹತ್ತಿರ ಬಂದ. ಶಾಲೆಯಲ್ಲಿ ನನ್ನ ಪಕ್ಕದಲ್ಲಿ ಕೂರುವವನು, ನನ್ನ ರೊಟ್ಟಿಯಲ್ಲಿ ಅರ್ಧ ತಿನ್ನುವವನು. ನನ್ನ ಕಿವಿಯ ಹತ್ತಿರ ಬಾಯಿಟ್ಟು ಕೇಳಿದ.

“ನನ್ನ ಮುಂದಾದ್ರೂ ಖರೇ ಹೇಳಲೇ. ತಗೊಂಡೀ ಇಲ್ಲೋ?”

ಮಾಸ್ತರರು ಮತ್ತೊಮ್ಮೆ ಹೋಗು ಎಂದರು. ನಾನು ಗೆರೆಯ ಮೇಲೆ ನಿಂತೆ. ಬಾವಿಗೆ ಹಾರುವಾಗಿನಂತೆ ಎದೆ ತುಂಬಿಕೊಂಡೆ. ಆಮೇಲೆ ಬಾಯಿ ತೆರೆದು, ಚಿಕ್ಕೇರೂರಿನಲ್ಲಿ ಆಡುವ ಹಾಗೆ, ಗಟ್ಟಿಯಾಗಿ ‘ಹುತುತುತು’ ಎಂದೆ. ಹುಕುಂ ಬಂದ ಮೇಲೆ ಬಯಲು ಕೇಳಿದ ಮೊದಲ ಗಟ್ಟಿ ಹುತುತು ಅದು. ಯಾರೂ ನನ್ನನ್ನು ಹಿಡಿಯಲಿಲ್ಲ. ನಿಂತಲ್ಲೇ ನಿಂತರು. ಹಿಂದಿನ ಗೆರೆಯವರೆಗೆ ಹೋದೆ, ಎರಡೂ ಮೂಲೆ ಸುತ್ತಿದೆ, ಒಬ್ಬೊಬ್ಬರ ಮುಂದೆಯೂ ಹಾಯ್ದೆ. ಬಸ್ಯಾನ ಹೆಗಲನ್ನು ಮುಟ್ಟಿದೆ. ದನಿ ಸಣ್ಣಗಾಗುತ್ತ ಬಂತು, ಕಡಿಯಲಿಲ್ಲ. ಕಣ್ಣು ಕತ್ತಲೆಯಾಗುವ ಹೊತ್ತಿಗೆ ಕಾಲು ಗೆರೆ ದಾಟಿತು.

ಎಲ್ಲರೂ ಕಟ್ಟೆಯ ಕಡೆ ತಿರುಗಿದರು. ಹುಸೇನಸಾಬರು ಕೇಳಿಸಲಿಲ್ಲ ಎನ್ನಬಹುದಿತ್ತು. ಎಂದಿದ್ದರೆ ಬಯಲು ಉಳಿಯುತ್ತಿತ್ತು, ಆದರೆ ನನ್ನ ಪರವಾಗಿ ಹೇಳಲು ಊರಿನಲ್ಲಿ ಯಾರೂ ಉಳಿಯುತ್ತಿರಲಿಲ್ಲ. ಅವರು ರುಮಾಲು ಸುತ್ತಿಕೊಂಡು ಇಳಿದು ಬಂದು ಗೆರೆಯ ಹತ್ತಿರ ನಿಂತರು.

“ಒಂದ ದಮ್ಮು ಐತಿ ತಮ್ಮಾ. ಎಲ್ಲೂ ಕಡದಿಲ್ಲ. ಮೊದಲಿಂದ ಕಡೀತನಕಾ ಕೇಳೇನಿ.” ನನ್ನ ತಲೆಯ ಮೇಲೆ ಕೈಯಿಟ್ಟರು. “ಕೇಳೇನಿ ಅಂದಮ್ಯಾಲ ಬಯಲು ಬಂದ್ ಆತು. ಎಲ್ಲಾರೂ ಮನೀಗೆ ನಡೀರಿ.”

ಮರುದಿನ ಬಯಲಿಗೆ ಜಾಲಿಮುಳ್ಳಿನ ಬೇಲಿ ಬಂತು. ಮಾವ ನನ್ನನ್ನು ಹೊಡೆಯಲಿಲ್ಲ. ಊಟದ ನಂತರ ಎದುರು ಕೂರಿಸಿಕೊಂಡು, ಹಾಗೆ ಕೂಗಲು ಯಾರು ಹೇಳಿಕೊಟ್ಟರು ಎಂದು ತಿರುಗಿಸಿ ತಿರುಗಿಸಿ ಕೇಳಿದರು. ಯಾರೂ ಇಲ್ಲ ಎಂದರೆ ನಂಬಲಿಲ್ಲ. ಬಯಲನ್ನು ಪೋಲೀಸರ ಕವಾಯತಿಗೆ ಬಿಡಿಸಿಕೊಡಲು ಮಾವನೇ ನನ್ನಿಂದ ಹಾಗೆ ಮಾಡಿಸಿದರೆಂದು ಪೇಟೆ ಓಣಿಯಲ್ಲಿ ಮಾತು ಹುಟ್ಟಿತು. ಬಸ್ಯಾ ಮಾತ್ರ ದಮ್ಮಿನ ಮಾತನ್ನು ಮತ್ತೆ ಎತ್ತಲಿಲ್ಲ. ಚನ್ನ್ಯಾ ಎಂದಿನಂತೆ ಪಕ್ಕದಲ್ಲಿ ಕುಳಿತ. ನಾನು ರೊಟ್ಟಿ ಮುರಿದು ಕೊಟ್ಟೆ, ಅವನು ತಿಂದ. ಅವನ ಪ್ರಶ್ನೆಗೆ ನಾನು ಬಾಯಿಬಿಟ್ಟು ಉತ್ತರ ಹೇಳಲೇ ಇಲ್ಲ, ಅವನೂ ಮತ್ತೆ ಕೇಳಲಿಲ್ಲ.

ಹೋದ ವರ್ಷ ಅದೇ ಊರಿನ ಅದೇ ಬಯಲಿನಲ್ಲಿ ಕಬಡ್ಡಿ ಪಂದ್ಯ ನೋಡಲು ಹೋಗಿದ್ದೆ. ಮೈದಾನಕ್ಕೆ ಗೋಡೆ ಬಂದಿದೆ, ದೊಡ್ಡ ದೀಪಗಳು ಬಂದಿವೆ. ಮೊದಲೇ ಹೇಳಿ ಕಾದಿರಿಸಬೇಕು, ಧ್ವನಿವರ್ಧಕಕ್ಕೆ ಬೇರೆ ಪರವಾನಗಿ. ಇದೆಲ್ಲ ಇರಬೇಕಾದದ್ದೇ, ನನ್ನ ತಕರಾರಿಲ್ಲ. ನುಗ್ಗುವ ಹುಡುಗರು ಬಾಯಿ ಮುಚ್ಚಿಕೊಂಡೇ ನುಗ್ಗುತ್ತಿದ್ದರು. ನಡುವೆ ಉಸಿರೆಳೆದರೆ ಗೊತ್ತಾಗುವುದು ಹೇಗೆ ಎಂದು ಪಕ್ಕದಲ್ಲಿದ್ದ ಹುಡುಗನನ್ನು ಕೇಳಿದೆ. ಅವನು ನಕ್ಕು ಗೋಡೆಯ ಮೇಲಿನ ಗಡಿಯಾರ ತೋರಿಸಿದ. ಈಗ ಹೊತ್ತು ನೋಡ್ತಾರ ಅಜ್ಜಾ, ದಮ್ಮು ಯಾರು ಕೇಳ್ತಾರ ಎಂದ.

ಗಡಿಯಾರಕ್ಕೆ ಯಾರ ಮೇಲೂ ಸಂಶಯವಿಲ್ಲ, ಒಪ್ಪಿದೆ. ಆಟ ಮುಗಿಯುವ ಮೊದಲೇ ಎದ್ದೆ, ನನ್ನ ಊಟದ ಹೊತ್ತಾಗಿತ್ತು. ಬಾಗಿಲು ದಾಟುವಾಗ ಹಳೆಯ ಕಟ್ಟೆ ಇದ್ದ ಕಡೆ ತಿರುಗಿ ನೋಡಿದೆ. ಅಲ್ಲಿ ಧ್ವನಿವರ್ಧಕದ ಕಂಬವಿತ್ತು. ಮೊದಲಿನಿಂದ ಕಡೆಯತನಕ ಕೇಳುವವರು ಯಾರೂ ಕುಳಿತಿರಲಿಲ್ಲ.