ಅಣ್ಣನಿಗೆ ಎಷ್ಟು ಗಾಳಿ ಬೇಕು

ಮೊದಲು ಬಂದದ್ದು ಸುಟ್ಟ ವಾಸನೆ.

ನಾನು ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ನಮ್ಮ ಹಿಟ್ಟಿನ ಗಿರಣಿ ಮನೆಗೆ ಅಂಟಿಕೊಂಡೇ ಇದೆ. ನಮ್ಮೂರು ತಂಬೂರಿನ ಅರ್ಧ ಮಂದಿ ಜೋಳ ಬೀಸಿಸಲು ಅಲ್ಲಿಗೇ ಬರುತ್ತಾರೆ. ಒಳಗೆ ಕಾಳು ಇದ್ದಾಗ ಗಿರಣಿಯದು ಒಂದು ಸದ್ದು, ಕಾಳು ಮುಗಿದು ಕಲ್ಲಿಗೆ ಕಲ್ಲು ತಾಗಿದರೆ ಇನ್ನೊಂದು. ಚಿಕ್ಕವಳಿದ್ದಾಗಿನಿಂದ ಕೇಳಿದ್ದೇನೆ, ಎರಡೂ ಗೊತ್ತು. ಅವತ್ತು ಎರಡನೆಯ ಸದ್ದು ಬಹಳ ಹೊತ್ತು ಬಂತು. ಓಡಿಹೋಗಿ ನೋಡಿದೆ.

ಅಣ್ಣ ನಿಂತಲ್ಲೇ ನಿದ್ದೆ ಹೋಗಿದ್ದ.

ಒಂದು ಕೈ ಚೀಲದ ಮೇಲಿತ್ತು. ಕಣ್ಣು ಅರ್ಧ ತೆರೆದಿತ್ತು. ಹಿಟ್ಟು ಒಯ್ಯಲು ಬಂದಿದ್ದ ನೆರೆಮನೆಯ ಮಲ್ಲವ್ವ "ಬಸಣ್ಣಾ, ಬಸಣ್ಣಾ" ಎಂದು ಕೂಗುತ್ತಲೇ ಇದ್ದಳು. ನಾನು ಮೋಟರಿನ ಸ್ವಿಚ್ ಆರಿಸಿದೆ. ಸದ್ದು ನಿಂತ ಕೂಡಲೇ ಅವನಿಗೆ ಎಚ್ಚರವಾಯಿತು.

"ಯಾಕ ಬಂದ್ ಮಾಡಿದಿ?" ಎಂದು ನನ್ನನ್ನೇ ಕೇಳಿದ.

ಅಣ್ಣ ಮದುವೆಯಾಗಲಿಲ್ಲ. ನಾನು ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು ಊರಿನ ಅಂಗನವಾಡಿಯಲ್ಲಿ ಕೆಲಸಕ್ಕೆ ಸೇರಿದೆ. ಅಂದಿನಿಂದ ಈ ಮನೆಯಲ್ಲಿ ನಾವಿಬ್ಬರೇ. ಅವನ ಗೊರಕೆ ನನಗೆ ಹೊಸದಲ್ಲ. ಗೋಡೆಯ ಆಚೆಯಿಂದ ಕೇಳುತ್ತಿತ್ತು. ನಡುನಡುವೆ ಪೂರ್ತಿ ನಿಂತುಬಿಡುತ್ತಿತ್ತು. ಆಮೇಲೆ ನೀರಿನಿಂದ ಮೇಲೆದ್ದವನ ಹಾಗೆ ಒಮ್ಮೆಲೇ ಉಸಿರು ಎಳೆದುಕೊಳ್ಳುತ್ತಿದ್ದ. ಗೊರಕೆ ನಿಂತಾಗ ಅವನಿಗೆ ಗಾಢ ನಿದ್ದೆ ಬಂತೆಂದು ನಾನು ತಿಳಿದಿದ್ದೆ.

ಅವನನ್ನು ಕಲಘಟಗಿಗೆ ಕರೆದೊಯ್ದೆ. ಅಲ್ಲಿಯ ಡಾಕ್ಟರು ಮೊದಲು ಶುಗರ್ ನೋಡಿದರು. ಅದು ಸರಿಯಿತ್ತು. ಬಿಪಿ ಹೆಚ್ಚಿತ್ತು. ಆಮೇಲೆ ಅಣ್ಣನ ದಪ್ಪ ಕುತ್ತಿಗೆಯನ್ನು ನೋಡಿ, ಅವನನ್ನು ಬಿಟ್ಟು ನನ್ನನ್ನು ಕೇಳಿದರು.

"ಗೊರಕಿ ಹೊಡಿತಾರೇನ್ರಿ?"

"ಹೌದ್ರಿ."

"ನಡುವ ಉಸಿರು ನಿಲ್ತೈತೇನು?"

ನಿಲ್ಲುವುದು ಗೊರಕೆಯಲ್ಲ, ಉಸಿರು ಎಂಬುದು ನನಗೆ ತಿಳಿದದ್ದು ಆ ಪ್ರಶ್ನೆಯಿಂದ.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಸ್ಲೀಪ್ ಸ್ಟಡಿ ಮಾಡಿದರು. ತಲೆಗೆ, ಎದೆಗೆ, ಬೆರಳಿಗೆ ವೈರು ಅಂಟಿಸಿ ಒಂದು ರಾತ್ರಿ ಮಲಗಿಸಿದರು. ರಿಪೋರ್ಟಿನಲ್ಲಿ ಸ್ಲೀಪ್ ಆಪ್ನಿಯಾ ಎಂದಿತ್ತು. ಮುಂದೆ ಸಿವಿಯರ್ ಎಂಬ ಶಬ್ದ. ಅಲ್ಲಿಯ ಡಾಕ್ಟರ್ ಮೇಡಂ ಒಂದು ಹಾಳೆಯ ಹಿಂಬದಿಯಲ್ಲಿ ಗಂಟಲಿನ ಚಿತ್ರ ಬರೆದರು. ನಿದ್ದೆಯಲ್ಲಿ ಗಂಟಲಿನ ಸ್ನಾಯು ಸಡಿಲಾಗಿ ದಾರಿ ಮುಚ್ಚುತ್ತದೆ. ರಕ್ತದಲ್ಲಿ ಆಕ್ಸಿಜನ್ ಇಳಿಯುತ್ತದೆ. ಮಿದುಳು ಹೆದರಿ ಎಬ್ಬಿಸುತ್ತದೆ. ಪೂರ್ತಿ ಎಚ್ಚರವೂ ಅಲ್ಲ, ನಿದ್ದೆಯೂ ಅಲ್ಲ. ರಾತ್ರಿಯೆಲ್ಲ ಇದೇ ನಡೆಯುತ್ತದೆ. ನಾನು ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿದೆ. ಎಷ್ಟು ಸಲ ಎದ್ದರೂ ಅವನಿಗೆ ನೆನಪೇಕೆ ಇರುವುದಿಲ್ಲ? ಹಗಲು ಗಂಟಲು ಮುಚ್ಚುವುದಿಲ್ಲ ಏಕೆ? ಮೇಡಂ ಬೇಸರಪಡದೆ ಹೇಳಿದರು. ಅಣ್ಣ ಮಾತ್ರ ಗೋಡೆಗೊರಗಿ ತೂಕಡಿಸುತ್ತಿದ್ದ.

ಮನೆಗೆ ಸಿಪ್ಯಾಪ್ ಮಷಿನ್ ಬಂತು. ರೊಟ್ಟಿಯ ಡಬ್ಬಿಯಷ್ಟು ದೊಡ್ಡದು. ಅದರಿಂದ ಒಂದು ಪೈಪು, ಪೈಪಿನ ತುದಿಗೆ ಮೂಗು ಬಾಯಿ ಮುಚ್ಚುವ ಮಾಸ್ಕ್. ಒತ್ತಿ ಬರುವ ಗಾಳಿ ಗಂಟಲಿನ ದಾರಿಯನ್ನು ತೆರೆದಿಡುತ್ತದೆ. ಕೇಳಲು ಸರಳವಾಗಿತ್ತು.

ಅವನಿಗೆ ಸರಳವಾಗಲಿಲ್ಲ. ಅಣ್ಣನದು ದಪ್ಪ ಮೀಸೆ. ಅದರ ಸಂದಿಯಿಂದ ಗಾಳಿ ಸೋರಿ ಕಣ್ಣಿಗೆ ಬಡಿಯುತ್ತಿತ್ತು. ಬೆಳಿಗ್ಗೆ ಕಣ್ಣು ಕೆಂಪು, ಬಾಯಿ ಒಣ. ಉಸಿರು ಬಿಡುವಾಗ ಎದುರಿಗೆ ಯಾರೋ ಅಂಗೈ ಒತ್ತಿ ಹಿಡಿದ ಹಾಗೆ ಅನ್ನಿಸುತ್ತದೆ ಎಂದ. ಮೂವತ್ತು ವರ್ಷ ಗಿರಣಿ ರಿಪೇರಿ ಮಾಡಿಕೊಂಡು ಬಂದವನು ಸುಮ್ಮನೆ ಕೂರುತ್ತಾನೆಯೇ? ಮೊಬೈಲಿನಲ್ಲಿ ಯಾವುದೋ ವಿಡಿಯೋ ನೋಡಿ, ಡಾಕ್ಟರು ಮಾತ್ರ ತೆರೆಯಬೇಕಾದ ಮೆನು ತೆರೆದು ಪ್ರೆಶರ್ ಏರಿಸಿಬಿಟ್ಟ. ಗಾಳಿ ಹೆಚ್ಚಾದರೆ ಉಸಿರೂ ಹೆಚ್ಚು ಎಂಬುದು ಅವನ ಲೆಕ್ಕ.

ಮರುದಿನ ಹೊಟ್ಟೆ ಉಬ್ಬಿ ನಿಂತಿತು. ರೊಟ್ಟಿಯ ಒಂದು ತುತ್ತೂ ಇಳಿಯಲಿಲ್ಲ. ತೇಗಿ ತೇಗಿ ಸುಸ್ತಾದ. ಮಷಿನ್ ಅನ್ನು ಒಂದು ಪಂಜೆಯಲ್ಲಿ ಗಂಟು ಕಟ್ಟಿ ಅಟ್ಟದ ಮೇಲಿಟ್ಟ.

"ನನಗ ಇದು ಆಗಿಬರೂದಿಲ್ಲ ಶಾಂತಾ. ಬಿಡು ಇನ್ನ."

ನಾನು ಹೇಳಿ ನೋಡಿದೆ, ಸಿಟ್ಟು ಮಾಡಿ ನೋಡಿದೆ. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಗೋಡೆಯ ಆಚೆ ಗೊರಕೆ ಮತ್ತೆ ಶುರುವಾಯಿತು. ಈಗ ಅದು ನಿಂತಾಗಲೆಲ್ಲ ನನ್ನ ಉಸಿರೂ ನಿಲ್ಲುತ್ತಿತ್ತು.

ಸುಗ್ಗಿಯ ದಿನಗಳು. ಗಿರಣಿಯ ಮುಂದೆ ಚೀಲಗಳ ಸಾಲು. ಸಂತೆಯ ಮುನ್ನಾದಿನ ನಾನು ಅಂಗನವಾಡಿಯಿಂದ ಬಂದು ಗಿರಣಿಯ ಬಾಗಿಲಲ್ಲಿ ನಿಂತಿದ್ದೆ. ಅಣ್ಣ ಮೋಟರಿನ ಬಾಜು ಬಗ್ಗಿದ್ದ. ತಲೆ ಒಮ್ಮೆ ಜೋಲಿತು.

ಮೋಟರಿನಿಂದ ಕಲ್ಲಿಗೆ ಓಡುವ ಪಟ್ಟಾ ಅವನ ಅಂಗಿಯ ತೋಳನ್ನು ಎಳೆದುಕೊಂಡಿತು.

ಹಳೆಯ ಅಂಗಿ. ಸವೆದ ಅರಿವೆ. ಭುಜದವರೆಗೆ ಪರ್ ಎಂದು ಹರಿದು ತೋಳು ಪಟ್ಟಾದ ಜೊತೆ ಹೋಯಿತು. ಕೈ ಉಳಿಯಿತು. ಹೊಸ ಅಂಗಿಯಾಗಿದ್ದರೆ ಏನಾಗುತ್ತಿತ್ತೆಂದು ಬರೆಯಲು ಈಗಲೂ ನನಗೆ ಮನಸ್ಸಾಗುವುದಿಲ್ಲ. ಅಣ್ಣ ಚೀಲದ ಮೇಲೆ ಕುಳಿತು ತನ್ನ ಬರಿಗೈಯನ್ನು ತಿರುಗಿಸಿ ತಿರುಗಿಸಿ ನೋಡಿದ. ಬೇರೆ ಯಾರದೋ ಕೈ ನೋಡಿದ ಹಾಗೆ.

"ನಾಳೆ ಹುಬ್ಬಳ್ಳಿಗೆ ಹೋಗೂಣು," ಎಂದ. ಆ ಸಂಜೆ ತಾನೇ ಅಟ್ಟ ಹತ್ತಿ ಮಷಿನಿನ ಗಂಟು ಇಳಿಸಿದ.

ಮೇಡಂ ಮಷಿನ್ ಒಳಗಿನ ಕಾರ್ಡನ್ನು ತಮ್ಮ ಕಂಪ್ಯೂಟರಿಗೆ ಹಾಕಿದರು. ಯಾವ ರಾತ್ರಿ ಹಾಕಿಕೊಂಡ, ಎಷ್ಟು ಗಾಳಿ ಸೋರಿತು, ಎಲ್ಲವೂ ಅದರಲ್ಲಿ ಇತ್ತು.

"ಪ್ರೆಶರ್ ಯಾರು ಬದಲಿ ಮಾಡಿದ್ರಿ?"

ಅಣ್ಣ ನೆಲ ನೋಡಿದ. "ನಾನ ಮಾಡೇನ್ರಿ."

ಅವರು ಬೈಯಲಿಲ್ಲ. "ಗಂಟಲು ತೆರೆದಿರೋದಕ್ಕ ಎಷ್ಟು ಗಾಳಿ ಬೇಕೋ ಅಷ್ಟ ಸಾಕು. ಅದಕ್ಕಿಂತ ಹೆಚ್ಚಾದ್ರ ಹೊಟ್ಟಿಗೆ ಹೋಗ್ತದ. ಪ್ರೆಶರ್ ನೀವು ಮುಟ್ಟಬ್ಯಾಡ್ರಿ, ಅದು ನಂದು. ಉಳಿದದ್ದು ನಿಮಗ ಹ್ಯಾಂಗ ಹಿತ ಆಗ್ತದೋ ಹಂಗ ಮಾಡ್ಕೋಬಹುದು. ಆದ್ರ ಒಂದು ಸಲಕ್ಕ ಒಂದ. ಎರಡು ಕೂಡಿಸಿ ಬದಲಿ ಮಾಡಿದ್ರ ಯಾವುದರಿಂದ ಚಲೋ ಆತು ಅಂತ ಗೊತ್ತಾಗೂದಿಲ್ಲ."

ಅಣ್ಣ ತಲೆ ಎತ್ತಿದ. ಗಿರಣಿಯ ಕಲ್ಲನ್ನು ಅವನು ಸರಿಮಾಡುವುದೂ ಹಾಗೆಯೇ. ಒಂದಿಷ್ಟು ತಿರುಗಿಸಿ, ಹಿಟ್ಟು ಮುಟ್ಟಿ ನೋಡಿ, ಆಮೇಲೆ ಮತ್ತಿಷ್ಟು. ತನ್ನ ಮೈಗೆ ಮಾತ್ರ ಆ ತಾಳ್ಮೆ ತೋರಿಸಿರಲಿಲ್ಲ.

ಮೊದಲು ಮಾಸ್ಕ್ ಬದಲಾಯಿತು. ಮೀಸೆ ತೆಗೆಯಬೇಕೇನೋ ಎಂದು ಅವನು ಹೆದರಿದ್ದ. ಮೂಗಿನ ಹೊಳ್ಳೆಗಳಿಗಷ್ಟೇ ಕೂರುವ ಸಣ್ಣ ಮಾಸ್ಕ್ ಕೊಟ್ಟರು. ಮೀಸೆಯ ಮೇಲಂಚನ್ನು ಕತ್ತರಿಸಿದರೆ ಸಾಕಾಯಿತು. ಪ್ರೆಶರನ್ನು ಮೇಡಂ ಇಳಿಸಿದರು. ಉಸಿರು ಬಿಡುವಾಗ ಗಾಳಿ ತುಸು ತಗ್ಗುವ ಹಾಗೆ ಒಂದು ಸೆಟ್ಟಿಂಗ್ ಹಾಕಿಕೊಟ್ಟರು. ರಾತ್ರಿ ಒಮ್ಮೆಲೇ ಬೇಡ, ಹಗಲು ಎಚ್ಚರವಿರುವಾಗಲೇ ಹಾಕಿಕೊಂಡು ರೂಢಿ ಮಾಡಿಕೊಳ್ಳಿ ಎಂದರು.

ಹಾಗಾಗಿ ಮಧ್ಯಾಹ್ನ ಗಿರಣಿ ಬಂದ್ ಇದ್ದಾಗ ಅಣ್ಣ ಮಾಸ್ಕ್ ಹಾಕಿಕೊಂಡು ಟಿವಿ ಮುಂದೆ ಕೂರತೊಡಗಿದ. ಮಲ್ಲವ್ವ ಹಿಟ್ಟಿನ ಡಬ್ಬಿ ಹಿಡಿದು ಒಳಗೆ ಬಂದವಳು ಬಾಗಿಲಲ್ಲೇ ನಿಂತಳು.

"ಯವ್ವಾ ಶಾಂತಾ, ಬಸಣ್ಣಗ ಸೊಂಡಿ ಬಂದೈತಲ್ಲ."

ಅಣ್ಣ ಉತ್ತರಿಸಲು ಬಾಯಿ ತೆರೆದ. ಮೂಗಿನಿಂದ ಹೋದ ಗಾಳಿಯೆಲ್ಲ ಬಾಯಿಂದ ಹೊರಬಂದು ಮಾತು ಹೊರಡಲಿಲ್ಲ. ಮಾಸ್ಕ್ ತೆಗೆದು ಹೇಳಿದ, "ಗಣಪ್ಪ ಅಂತ ತಿಳ್ಕೊಂಡು ಕೈ ಮುಗದು ಹೋಗು."

ಮಲ್ಲವ್ವ ನಿಜವಾಗಿಯೂ ಕೈ ಮುಗಿದಳು. ಮೂವರೂ ನಕ್ಕೆವು. ನಮ್ಮ ಮನೆಯಲ್ಲಿ ನಗು ಕೇಳಿ ಬಹಳ ದಿನಗಳಾಗಿದ್ದವು.

ಒಮ್ಮೆ ಮಾಸ್ಕ್ ತೊಳೆದಿಟ್ಟಾಗ ನಾನೂ ಹಾಕಿಕೊಂಡು ನೋಡಿದೆ. ಅವನು ಏನನ್ನು ತಡೆದುಕೊಳ್ಳುತ್ತಿದ್ದಾನೆಂದು ತಿಳಿಯಬೇಕಿತ್ತು. ಬಸ್ಸಿನ ಕಿಟಕಿಗೆ ಮುಖ ಕೊಟ್ಟ ಹಾಗಾಯಿತು. ಮೊದಲು ಗಾಬರಿ. ಗಾಳಿಯ ಜೊತೆ ಹಟಮಾಡುವುದನ್ನು ಬಿಟ್ಟಾಗ ಅದು ತಾನೇ ಒಳಗೆ ಬಂತು. ಎದೆಗೆ ಕೆಲಸವೇ ಇಲ್ಲದಂತೆ ಉಸಿರು ತುಂಬಿಕೊಂಡಿತು. ಅವನಿಗೆ ಹೇಳಿದೆ, "ಎಳಕೋಬ್ಯಾಡ ಅಣ್ಣಾ. ಅದ ಬರ್ತೈತಿ, ಬಿಡು."

ಆಮೇಲೆ ಒಂದೊಂದಾಗಿ ಸರಿಮಾಡುತ್ತ ಹೋದೆವು. ಮಲಗಿದಾಗ ಗಾಳಿ ಕಡಿಮೆಯಿಂದ ಶುರುವಾಗಿ ನಿಧಾನ ಏರುವುದಕ್ಕೆ ರ‍್ಯಾಂಪ್ ಎನ್ನುತ್ತಾರೆ. ಅದನ್ನು ಹಾಕಿದರೆ ಆರಂಭದಲ್ಲಿ ಗಾಳಿ ಸಾಲದೆ ಉಸಿರು ಕಟ್ಟಿದ ಹಾಗಾಗುತ್ತದೆ ಎಂದ. ನನಗೆ ಆಶ್ಚರ್ಯ. ಹೆಚ್ಚಾದರೂ ಕಷ್ಟ, ಕಡಿಮೆಯಾದರೂ ಕಷ್ಟ. ಮೇಡಂಗೆ ಫೋನ್ ಮಾಡಿದೆವು. ಮುಂದಿನ ಭೇಟಿಯಲ್ಲಿ ಶುರುವಿನ ಗಾಳಿಯನ್ನು ಸ್ವಲ್ಪ ಏರಿಸಿದರು. ಬಾಯಿ ಒಣಗುತ್ತಿದೆ ಎಂದಾಗ ಗಾಳಿಗೆ ತೇವ ಕೊಡುವ ನೀರಿನ ಡಬ್ಬಿಯ ಬಿಸಿಯನ್ನು ನಾವೇ ಹೆಚ್ಚಿಸಿದೆವು. ಬಾಯಿ ಸರಿಯಾಯಿತು, ಆದರೆ ಚಳಿಗೆ ಪೈಪಿನೊಳಗೆ ನೀರು ಕಟ್ಟಿ ಹುಕ್ಕದ ಹಾಗೆ ಗುಳುಗುಳು ಸದ್ದು. ಹಳೆಯ ಕೌದಿಯ ತುಂಡು ಹೊಲಿದು ಪೈಪಿಗೆ ಗವಸು ಹಾಕಿದೆ. ಮಷಿನ್ ಅನ್ನು ಮಂಚಕ್ಕಿಂತ ಕೆಳಗಿಟ್ಟೆವು. ಸದ್ದು ನಿಂತಿತು.

ಕೆಲವು ದಿನಗಳ ಮೇಲೆ ಗಾಳಿಯೇ ಸಣ್ಣಗಾದಂತೆ ಅನ್ನಿಸಿತು. ಅಣ್ಣ ಸೆಟ್ಟಿಂಗ್ ಮುಟ್ಟಲಿಲ್ಲ. ಹಿಂದಿನ ಮುಚ್ಚಳ ತೆಗೆದು ಫಿಲ್ಟರ್ ಕೈಗೆ ಹಿಡಿದು ನನ್ನನ್ನು ಕರೆದ. ಅದು ಹಿಟ್ಟಿನಿಂದ ಬೆಳ್ಳಗಾಗಿತ್ತು. ಗಿರಣಿಯ ಗೋಡೆಗೆ ಹತ್ತಿದ ಕೋಣೆಯಲ್ಲವೇ ಅವನದು. ಇಬ್ಬರೂ ಕೂಡಿ ಅವನ ಮಂಚವನ್ನು ಹಿತ್ತಲ ಕಡೆಯ ಕೋಣೆಗೆ ಸಾಗಿಸಿದೆವು. ಹೊಸ ಫಿಲ್ಟರ್ ಹಾಕಿದೆವು.

ಎಲ್ಲ ಸರಿಹೋಯಿತೆಂದು ಹೇಳಲಾರೆ. ನೆಗಡಿಯಾದರೆ ಮಾಸ್ಕ್ ಹಾಕಲು ಆಗುವುದಿಲ್ಲ. ಕರೆಂಟ್ ಹೋದ ರಾತ್ರಿ ಹಳೆಯ ಗೊರಕೆ ಹಾಗೇ ಬರುತ್ತದೆ. ಕೆಲವು ಬೆಳಿಗ್ಗೆ ಮಾಸ್ಕ್ ನೆಲದ ಮೇಲೆ ಬಿದ್ದಿರುತ್ತದೆ, ಯಾವಾಗ ಕಿತ್ತೆಸೆದೆನೆಂಬುದು ಅವನಿಗೇ ತಿಳಿದಿರುವುದಿಲ್ಲ. ಇದು ಗುಣವಾಗುವ ಬೇನೆಯಲ್ಲ, ದಿನವೂ ಜೊತೆಗಿಟ್ಟುಕೊಂಡು ನಡೆಯಬೇಕಾದದ್ದು ಎಂದು ಮೇಡಂ ಮೊದಲೇ ಹೇಳಿದ್ದಾರೆ. ಆದರೆ ಬಿಪಿ ಇಳಿದಿದೆ. ಗಿರಣಿಯಲ್ಲಿ ತೂಕಡಿಸುವುದು ನಿಂತಿದೆ. ಪಟ್ಟಾಕ್ಕೆ ತಂತಿಯ ಜಾಲರಿಯ ಮರೆ ಹಾಕಿಸಿದ್ದೇವೆ. ಅಷ್ಟಕ್ಕೆ ನಾನು ಋಣಿ.

ಮೊನ್ನೆ ಬೆಳಿಗ್ಗೆ ಚಹಾ ಒಯ್ದಾಗ ಅಣ್ಣ ಮಂಚದ ಮೇಲೆ ಎದ್ದು ಕುಳಿತಿದ್ದ. ಮಾಸ್ಕ್ ಕೊರಳಿಗೆ ಇಳಿದಿತ್ತು. ಮುಖದಲ್ಲಿ ಏನೋ ನಾಚಿಕೆ.

"ಶಾಂತಾ, ನನಗ ಕನಸು ಬಿತ್ತಲೇ."

ಎಷ್ಟೋ ವರ್ಷಗಳಿಂದ ಅವನಿಗೆ ಕನಸೇ ಬಿದ್ದಿರಲಿಲ್ಲವಂತೆ. ಅವನು ಇದನ್ನು ಯಾರಿಗೂ ಹೇಳಿರಲಿಲ್ಲ. ಕನಸು ಬೀಳುವಷ್ಟು ಹೊತ್ತು ನಿದ್ದೆ ಅವನಿಗೆ ಸಿಕ್ಕಿರಲಿಲ್ಲ ಎಂದು ಆಮೇಲೆ ಮೇಡಂ ವಿವರಿಸಿದರು.

"ಏನು ಕನಸು?"

"ಅವ್ವ ಬಂದಿದ್ಲು. ಹಿತ್ತಲದಾಗ ನಿಂತು ಕರದ್ಲು. ಬಸ್ಯಾ, ಎಮ್ಮಿ ಹಗ್ಗ ಬಿಚ್ಚಿಕೊಂಡೈತಿ ನೋಡಲೇ ಅಂತ."

ನಾನು ಮಂಚದ ಅಂಚಿಗೆ ಕುಳಿತೆ. ಅವ್ವ ಹೋಗಿ ಬಹಳ ವರ್ಷಗಳಾದವು. ನನ್ನ ಕನಸಿಗೆ ಅವಳು ಬರುತ್ತಾಳೆ, ಮಾತಾಡುವುದಿಲ್ಲ.

"ಯಾವ ಸೀರಿ ಉಟ್ಟಿದ್ಲು?" ಎಂದೆ.

ಅಣ್ಣ ಕೊರಳಿನ ಮಾಸ್ಕ್ ತೆಗೆದು ದಿಂಬಿನ ಪಕ್ಕ ಇಟ್ಟ.

"ಅದನ್ನ ನೋಡಲಿಲ್ಲ," ಎಂದ. "ಇವತ್ತು ರಾತ್ರಿ ನೋಡಿ ಹೇಳ್ತೀನಿ."