ಗೇಟಾನ ಹೆಸರಿದ್ದ ಜಾಗ

ರೋಮನ್ ಚಕ್ರವರ್ತಿಗಳ ಚರಿತ್ರೆಯ ಪುಸ್ತಕವನ್ನು ಮೊನ್ನೆ ತೆರೆದಾಗ ಒಂದು ಕಾರ್ಡು ಜಾರಿ ಬಿತ್ತು. ಗೃಹಪ್ರವೇಶದ ಆಮಂತ್ರಣದ ಪ್ರೂಫು. ‘ಸುಖಾಗಮನ ಬಯಸುವವರು’ ಎಂಬುದರ ಕೆಳಗೆ, ಎರಡನೆಯ ಹೆಸರಿನ ಮೇಲೆ ಕೆಂಪು ಗೆರೆ. ಹೆಸರು ಕಾಣದಷ್ಟು ಒತ್ತಿ ಎಳೆದದ್ದು... ಆ ಕೈಯನ್ನು ನಾನು ಬಲ್ಲೆ.

ಪ್ರಿಂಟ್ ಅಂಗಡಿಯ ಅಂಕಲ್ ಹುಬ್ಬಳ್ಳಿಯಲ್ಲಿ ಇತಿಹಾಸ ಕಲಿಸುತ್ತಿದ್ದವರು. ಆಮೇಲೆ ಡಾಲಸ್ ಪಕ್ಕದ ಕಾಪೆಲ್‌ಗೆ ಬಂದು ಅಂಗಡಿ ಇಟ್ಟಿದ್ದರು. ಡಾಲಸ್ ಸುತ್ತಲಿನ ಕನ್ನಡದವರ ಮದುವೆ, ಮುಂಜಿಯ ಕಾರ್ಡುಗಳೆಲ್ಲ ಅಲ್ಲೇ ಆಗುತ್ತಿದ್ದವು. ಶನಿವಾರ ನಾನು ಹೋಗಿ ಪ್ರೂಫ್ ತಿದ್ದುತ್ತಿದ್ದೆ. ಕಲಿಸಿದವರೂ ಅವರೇ. “ಗೆರಿ ಹೊಡದದ್ದು ತಪ್ಪಾತು ಅನಸಿದ್ರ ಅದರ ಕೆಳಗ ಚುಕ್ಕಿ ಇಡು ತಂಗಿ. ‘ಇರಲಿ ಬಿಡು’ ಅಂತ ಅರ್ಥ.”

ಕಾಯುವ ಗಿರಾಕಿಗಳಿಗೆ ಅಂಕಲ್ ಈ ಪುಸ್ತಕ ತೆರೆದು ರೋಮಿನ ಕಥೆ ಹೇಳುತ್ತಿದ್ದರು.

“ಅಂಕಲ್, ರೋಮ್ ಬಿದ್ದೋಯ್ತು, ನನ್ನ ಕಾರ್ಡ್ ಆಯ್ತಾ?” ಎಂದು ಒಬ್ಬರು ಕೆಣಕಿದರೆ, “ಅದು ಬೀಳಾಕ ಎಷ್ಟ್ ನೂರು ವರ್ಷ ಹಿಡೀತು! ನಿಮಗ ಐದು ನಿಮಿಷ ತಡಕೊಳ್ಳಾಕ ಆಗೂದಿಲ್ಲೇನ್ರಿ?” ಎನ್ನುತ್ತಿದ್ದರು.

ಗೇಟಾ ಎಂಬ ಚಕ್ರವರ್ತಿಯ ಪುಟ ಬಂದಾಗ ಮಾತ್ರ ಮಗುಚಿ ಮುಂದೆ ಹೋಗುತ್ತಿದ್ದರು.

ಅವರಿಗೊಬ್ಬ ತಮ್ಮನಿದ್ದ. ತಾಯಿ ತೀರಿಕೊಂಡಾಗ ಅಂಕಲ್ ಇನ್ನೂ ವಿಮಾನದಲ್ಲಿದ್ದಾಗಲೇ ಆ ತಮ್ಮ ಊರಲ್ಲಿ ದಹನ ಮುಗಿಸಿದ್ದ. ಅಣ್ಣನಿಗಾಗಿ ಒಂದು ದಿನ ಕಾಯಲಿಲ್ಲ. ಇದನ್ನು ನನಗೆ ಹೇಳಿದ್ದು ಅಂಕಲ್ ಹೆಂಡತಿ, ಆಂಟಿ. ಮುಂದೆ ಆ ತಮ್ಮ ಹೂಸ್ಟನ್ ಹತ್ತಿರದ ಫುಲ್‌ಶೀರ್‌ಗೆ ಬಂದು ನೆಲೆಸಿದರೂ ಅಂಕಲ್ ಅವನ ಹೆಸರೆತ್ತಲಿಲ್ಲ. ಅಂಕಲ್ ಮಗ ಜಾರ್ಜ್‌ಟೌನ್‌ನಲ್ಲಿ ಮನೆ ಕೊಂಡು ಆಮಂತ್ರಣದಲ್ಲಿ ಚಿಕ್ಕಪ್ಪನ ಹೆಸರು ಸೇರಿಸಿದ್ದ. ಪ್ರೂಫು ನನ್ನ ಕೈಗೆ ಬರುವ ಮೊದಲೇ ಆ ಗೆರೆ ಬಿದ್ದಿತ್ತು.

ಅದೇ ವರ್ಷ, ಆಗಸ್ಟಿನ ಒಂದು ಬೆಳಿಗ್ಗೆ, ಆ ಮಗ ನನಗೆ ಫೋನ್ ಮಾಡಿದ. “ಚಿಕ್ಕಪ್ಪ ಹೂಸ್ಟನ್ ಆಸ್ಪತ್ರೇಲಿದ್ದಾರೆ. ಇವತ್ತೇ ಮುಗೀಬಹುದು ಅಂತಾರೆ. ಅಪ್ಪನ್ನ ಕರ್ಕೊಂಡು ಬರ್ತೀರಾ? ಅವರು ಹೈವೇಲಿ ಡ್ರೈವ್ ಮಾಡಲ್ಲ. ನಾನು ಜಾರ್ಜ್‌ಟೌನ್‌ನಿಂದ ನೇರ ಹೊರಟೆ.”

ಅಂಕಲ್ ಬರುವುದಿಲ್ಲ ಎಂದುಕೊಂಡಿದ್ದೆ. ಅವರು ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು.

ಅರ್ಧ ದಾರಿಯಲ್ಲಿ ಲಾರಿಯೊಂದು ಅಡ್ಡ ಬಿದ್ದು ಕಾರುಗಳೆಲ್ಲ ನಿಂತವು. ಬಿಸಿಲಿಗೆ ರಸ್ತೆ ನೀರಿನಂತೆ ನಡುಗುತ್ತಿತ್ತು. ನನ್ನ ಫೋನು ರಿಂಗಾಯಿತು. ಅವರ ಮಗನದು.

“ಎತ್ತಬ್ಯಾಡ ತಂಗಿ.”

“ಅಂಕಲ್, ಏನಾದ್ರೂ ಅರ್ಜೆಂಟ್ ಇದ್ರೆ...”

“ಎತ್ತಿದ್ರ, ಮುಗದಹೋತು ಅಂತ ಕೇಳಬೇಕಾಗತೈತಿ. ಬ್ಯಾಡ.”

ಫೋನು ಬಡಿದುಕೊಂಡು ಸುಮ್ಮನಾಯಿತು. ಅವರು ತಾವಾಗಿಯೇ ಗೇಟಾನ ಕಥೆ ಹೇಳತೊಡಗಿದರು. ಸೆಪ್ಟಿಮಿಯಸ್ ಸೆವೆರಸ್ ಎಂಬ ಚಕ್ರವರ್ತಿ ಸಾಯುವಾಗ ರಾಜ್ಯವನ್ನು ಇಬ್ಬರು ಮಕ್ಕಳಿಗೂ ಬಿಟ್ಟು, ಕೂಡಿ ಬಾಳಿ ಎಂದನಂತೆ. ವರ್ಷ ತುಂಬುವುದರೊಳಗೆ ಅಣ್ಣ ಕಾರಕಲ್ಲ ತಮ್ಮ ಗೇಟಾನನ್ನು ತಾಯಿಯ ತೋಳಿನಲ್ಲೇ ಕೊಲ್ಲಿಸಿದ. ಆ ಹೆಸರನ್ನು ಎಲ್ಲ ಕಲ್ಲುಗಳಿಂದ ಕೆತ್ತಿ ತೆಗೆಯಲು ಆಜ್ಞೆ ಮಾಡಿದ.

“ಕೆತ್ತಿದ್ರು. ಆದ್ರ ಕೆತ್ತಿದ ಕಡೆ ತಗ್ಗು ಬಿತ್ತಲ್ಲ... ಈಗ ಹೋದವ್ರು ಮೊದಲು ಆ ತಗ್ಗನ್ನ ನೋಡ್ತಾರ.”

ಆಸ್ಪತ್ರೆಯ ರಿಸೆಪ್ಶನ್ ಮೇಜಿನಲ್ಲಿ ಕುಳಿತಿದ್ದ ಹುಡುಗಿ, ಯಾರನ್ನು ನೋಡಬೇಕು ಎಂದಳು. ನಾನು ಬಾಯಿ ತೆರೆದೆ. ನನಗೆ ಹೆಸರೇ ಗೊತ್ತಿರಲಿಲ್ಲ. ಅಂಕಲ್ ಕಡೆ ತಿರುಗಿದೆ. ಅವರು ಮೇಜಿನ ಅಂಚು ಹಿಡಿದಿದ್ದರು. ಹುಡುಗಿ ಮತ್ತೆ ಕೇಳಿದಳು. ನಮ್ಮ ಹಿಂದೆ ಸಾಲು ಬೆಳೆಯುತ್ತಿತ್ತು. ಆಮೇಲೆ ಆ ಹೆಸರು ಹೊರಗೆ ಬಂತು. ತಂದೆಯ ಹೆಸರು, ಮನೆತನದ ಹೆಸರು, ಎಲ್ಲ ಸೇರಿಸಿ ಶಾಲೆಯ ಹಾಜರಿ ಕರೆಯುವ ಹಾಗೆ ಗಟ್ಟಿಯಾಗಿ ಹೇಳಿದರು.

ಕೋಣೆಯಲ್ಲಿ ತಮ್ಮ ಕಣ್ಣು ತೆರೆದ. ತುಟಿ ಆಡಿತು, ದನಿ ಬರಲಿಲ್ಲ. ಅಂಕಲ್ ಮಂಚದ ಮೇಲೆ ಕುಳಿತು ಅವನ ಕೈ ಹಿಡಿದರು.

“ಕಾದಿಯೇನೋ?” ಎಂದರು.

ಸಂಜೆಗೆ ತಮ್ಮ ಹೋದ.

ಹೋದ ವರ್ಷ ಅಂಕಲ್ ಕೂಡ ಹೋದರು. ಅಂಗಡಿ ಖಾಲಿ ಮಾಡಿದ ಮಗ ಈ ಪುಸ್ತಕವನ್ನು ನನಗೆ ಕೊಟ್ಟ. ಇಷ್ಟು ದಿನ ತೆರೆಯುವ ಧೈರ್ಯ ಬಂದಿರಲಿಲ್ಲ. ಪುಸ್ತಕ ತಾನಾಗಿ ತೆರೆದುಕೊಂಡದ್ದು, ಕಾರ್ಡು ಇದ್ದದ್ದು ಗೇಟಾನ ಪುಟದಲ್ಲಿ. ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಆ ಕೆಂಪು ಗೆರೆಯ ಕೆಳಗೆ, ಹೆಸರಿನ ಉದ್ದಕ್ಕೂ, ಪೆನ್ಸಿಲಿನಲ್ಲಿ ಇಟ್ಟ ಸಣ್ಣ ಸಣ್ಣ ಚುಕ್ಕಿಗಳು... ಯಾವಾಗ ಇಟ್ಟರೋ. ಕೇಳಲು ಅವರಿಲ್ಲ.