ಅವ್ವನ ದನಿ ಕೇಳಲು ಹೋದದ್ದು

ಸ್ನೇಹಿತರೇ, ಇವತ್ತು ಧಾರವಾಡದಲ್ಲಿ ಒಬ್ಬ ನಿರ್ದೇಶಕಿಯ ಜೊತೆ ಜಗಳವಾಡಿ ಬಂದೆ. ಜನಪದ ಕತೆಗಳ ಅನಿಮೇಷನ್ ಚಿತ್ರೋತ್ಸವವಿತ್ತು. ಅದರಲ್ಲೊಂದು ನಮ್ಮವ್ವ ಹೇಳಿದ ನವಿಲಿನ ಕತೆ. ಹೋದ ವರ್ಷ ಈ ನಿರ್ದೇಶಕಿ ಹುಡುಗಿ ನವನಗರದ ನಮ್ಮ ಮನೆಗೆ ಬಂದು, ಅಡುಗೆಮನೆಯಲ್ಲೇ ಕೂತು ಅದನ್ನು ರೆಕಾರ್ಡ್ ಮಾಡಿಕೊಂಡಿದ್ದಳು. ಅವ್ವ ತೀರಿಕೊಂಡು ಎಂಟು ತಿಂಗಳಾಯಿತು. ನಾನು ಹೋದದ್ದು ಚಿತ್ರ ನೋಡಲು ಅಲ್ಲ, ಅವಳ ದನಿ ಕೇಳಲು.

ಪರದೆಯ ಮೇಲೆ ನವಿಲು ಚಂದ ಕುಣಿಯಿತು. ಆದರೆ ಕತೆ ಹೇಳಿದ್ದು ಯಾವುದೋ ನಟಿಯ ನಯವಾದ ದನಿ.

ಮುಗಿದ ಮೇಲೆ ಹುಡುಗಿಯನ್ನು ಹೊರಗೆ ನಿಲ್ಲಿಸಿ ಕೇಳಿದೆ. "ನಮ್ಮವ್ವನ ದನಿ ಎಲ್ಲಿ ಹೋತು?"

"ಕೊನೀಗೆ ಅವ್ರ ಹೆಸರು ಹಾಕೇನಲ್ರಿ ಅಕ್ಕಾರ."

"ಹೆಸರು ರೇಷನ್ ಕಾರ್ಡಿನ್ಯಾಗೂ ಐತಿ. ಅದು ಮಾತಾಡ್ತೈತೇನು?"

ಅವಳು ತನ್ನ ಫೋನ್ ತೆಗೆದು ನನ್ನ ಕಿವಿಗೆ ಹೆಡ್‌ಫೋನ್ ಹಾಕಿದಳು. "ನೀವ ಕೇಳ್ರಿ, ಯಾಕ ಬಳಸಲಿಲ್ಲಂತ ಗೊತ್ತಾಗ್ತೈತಿ."

ಅವ್ವ ಕತೆ ಹೇಳುತ್ತಿದ್ದಳು. ನವಿಲು ಗರಿ ಬಿಚ್ಚುವ ಹೊತ್ತಿಗೆ ಸರಿಯಾಗಿ ನಿಲ್ಲಿಸಿ, "ಏ ಗಿರಿಜಾ, ಹಾಲು ಉಕ್ಕಾಕತ್ತೈತಿ. ಆ ಮೊಬೈಲ್ ಅತ್ಲಾಗ ಇಡು. ಎಷ್ಟು ಸಲ ಹೇಳ್ಬೇಕು ನಿನಗ" ಎಂದಳು. ಗಿರಿಜಾ ಎಂದರೆ ನಾನು. ಮುಂದೆಯೂ ಎರಡು ಮಾತಿಗೊಮ್ಮೆ ನನಗೆ ಬೈಗುಳ, ನಡುನಡುವೆ ಕತೆ.

ಅಲ್ಲೇ ಮೆಟ್ಟಿಲ ಮೇಲೆ ಕೂತು ಪೂರ್ತಿ ಕೇಳಿದೆ. ಆಮೇಲೆ ಎರಡನೇ ಸಲ ಕೇಳಿದೆ. ಹುಡುಗಿಯೂ ಪಕ್ಕದಲ್ಲಿ ಕೂತಿದ್ದಳು.

"ಫೈಲ್ ನಿಮಗ ಕಳಸ್ತೇನ್ರಿ. ಬೈದಿದ್ದೆಲ್ಲಾ ಕತ್ತರಿಸಿ ಕೊಡ್ಲೇನು?" ಎಂದಳು.

"ಬ್ಯಾಡವಾ. ಬೇಕಾದ್ರ ಕತೀನ ತಗದ ಬಿಡು" ಎಂದೆ.